ಕಣ್ಣು ಕೂರಿಸುತ್ತಿದ್ದವರು

ಕಾರವಾರದ ಆ ಅಂಗಡಿ ಈ ವರ್ಷ ಮಳೆ ಹಿಡಿಯುವ ಮೊದಲೇ ಮುಚ್ಚಿತು. ಮುಚ್ಚಿದವರು ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೆ: "ಸಾಕಾಯ್ತು ಮಾರಾಯಾ. ಇನ್ಮೇಲೆ ಕಳ್ಳರು ಅವರವರ ಜವಾಬ್ದಾರಿ ಮೇಲೆ ಬರ್ಲಿ." ನಿಮ್ಮ ಬಗ್ಗೆ ಬರೆಯುತ್ತೇನೆ ಎಂದೆ. "ಹೆಸರು ಹಾಕ್ಬೇಡ" ಎಂದರು. ಫೋನಿಡುವ ಮೊದಲು, "ಹಾಕ್ದೆ ಇದ್ರೂ ನಾನೇ ಅಂತ ಗೊತ್ತಾಗೂ ಹಂಗೆ ಬರಿ" ಎಂದರು.

ಹಾಗಾಗಿ ಹೆಸರು ಬಿಟ್ಟಿದ್ದೇನೆ. ಊರಿನವರು ಕರೆಯುತ್ತಿದ್ದಂತೆ ಮಾಮ ಎಂದಷ್ಟೇ ಅನ್ನುತ್ತೇನೆ. ಕಾರವಾರದ ಪೇಟೆಯಲ್ಲಿ ನಿಂತು 'ಮಾಮಾ' ಎಂದು ಕೂಗಿದರೆ ಅರ್ಧ ಪೇಟೆ ತಿರುಗಿ ನೋಡುತ್ತದೆ, ಗುಟ್ಟು ಒಡೆಯುವ ಭಯವಿಲ್ಲ.

ಅವರ ಕಸುಬು ಮನೆಗಳಿಗೆ ಕಳ್ಳರ ಅಲಾರ್ಮ್ ಕೂರಿಸುವುದು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು; ರೇಡಿಯೋ ಹೋಗಿ ಟಿವಿ ಬಂತು, ಟಿವಿ ರಿಪೇರಿಗೆ ಬರುವುದೂ ನಿಂತಿತು. ಆಗ ತಂತಿಯಿಲ್ಲದ ಅಲಾರ್ಮುಗಳು ಪೇಟೆಗೆ ಬಂದವು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಹಗಲೆಲ್ಲ ಬೀಗ ಬೀಳುವ ಮನೆಗಳು ಕಾರವಾರದಲ್ಲೂ ಅಂಕೋಲೆಯಲ್ಲೂ ಹೆಚ್ಚುತ್ತಿದ್ದವು. ಕಂಪನಿಯವರು ಕೊಟ್ಟ ಇಂಗ್ಲಿಷ್ ಪುಸ್ತಕದ ಹೆಸರುಗಳು ಮಾಮನಿಗೆ ಒಗ್ಗಲಿಲ್ಲ. ಗೋಡೆಯ ಮೂಲೆಯಲ್ಲಿ ಕೂತು ಓಡಾಟ ಗುರುತಿಸುವ ಬಿಳಿ ಡಬ್ಬಿಗೆ 'ಕಣ್ಣು' ಎಂದರು. ಅದು ರೇಡಿಯೋ ಅಲೆಯಲ್ಲಿ ಕಳಿಸುವ ಸುದ್ದಿಯನ್ನು ಕೇಳುವ ಪೆಟ್ಟಿಗೆ 'ಮಂಡೆ'. ಮಂಡೆ ಹೇಳಿದ ಕೂಡಲೇ ಕಿರುಚುವ ಸೈರನ್ 'ಗಂಟಲು'. ಗಿರಾಕಿಗೆ ಅವರು ಕೊಡುತ್ತಿದ್ದ ಪೂರ್ತಿ ವಿವರಣೆ ಇದು: "ಕಣ್ಣು ಕಾಂತದೆ, ಮಂಡೆ ತಿಳ್ಕಂತದೆ, ಗಂಟಲು ಕೂಗ್ತದೆ. ನಮ್ಗೂ ಅದಕ್ಕೂ ಎಂತ ಫರಕು? ಅದು ನಿದ್ದೆ ಮಾಡೂದಿಲ್ಲ, ಅಷ್ಟೆ."

ಅದು ನಿದ್ದೆ ಮಾಡುತ್ತದೆ ಎಂಬುದು ಕೆಲಸಕ್ಕೆ ಸೇರಿದ ಮೇಲೆ ನನಗೆ ಗೊತ್ತಾಯಿತು.

ನಾನು ಸೇರಿದ್ದು ಡಿಗ್ರಿ ಮುಗಿಸಿ ಕಾನೂನು ಕಾಲೇಜಿನ ಬಾಗಿಲು ತೆರೆಯುವುದನ್ನು ಕಾಯುತ್ತಿದ್ದ ವರ್ಷ. ಚರ್ಚಾಸ್ಪರ್ಧೆಗಳ ಹುಲಿ ಎಂದು ನನ್ನ ಬಗ್ಗೆ ನನಗೆ ಖಚಿತ ಅಭಿಪ್ರಾಯವಿತ್ತು. 'ವಿಜ್ಞಾನ ವರವೋ ಶಾಪವೋ' ಎಂಬ ವಿಷಯದಲ್ಲಿ ಅಂಕೋಲೆಯಲ್ಲಿ ವರ ಎಂದು ವಾದಿಸಿ ಗೆದ್ದಿದ್ದೆ; ಅದೇ ತಿಂಗಳು ಕಾರವಾರದಲ್ಲಿ ಶಾಪ ಎಂದು ವಾದಿಸಿ ಗೆದ್ದಿದ್ದೆ. ಎರಡೂ ಕಡೆ ಚಪ್ಪಾಳೆ ಬಿದ್ದಿತ್ತು, ಮತ್ತು ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ನನಗೆ ಅನಿಸಿರಲಿಲ್ಲ. ಗೆದ್ದ ಫಲಕಗಳಲ್ಲಿ ದೊಡ್ಡದನ್ನು ಅಮ್ಮ ಮಾವಿನಮಿಡಿ ಭರಣಿಯ ಬಾಯಿಗೆ ಭಾರ ಇಡುತ್ತಿದ್ದಳು. ನನ್ನ ವಿಚಾರವಾದದಿಂದ ನಮ್ಮ ಮನೆಗೆ ಆದ ಉಪಕಾರ ಅದೊಂದೇ.

"ಮಾತಾಡೂಕೆ ಬತ್ತದ್ಯಾ?" ಎಂದು ಮಾಮ ಮೊದಲ ದಿನ ಕೇಳಿದರು.

ಫಲಕಗಳ ವಿಚಾರ ಹೇಳಿದೆ. ಅರ್ಧಕ್ಕೇ ಕೈ ಎತ್ತಿದರು.

"ಬರೋಬರ್. ಸುಮ್ನೆ ಕೂರೂಕೆ ಬತ್ತದ್ಯಾ?"

ಬರುತ್ತದೆ ಎಂದೆ. ಆ ಸುಳ್ಳು ಒಂದೇ ವಾರದಲ್ಲಿ ಬಯಲಾಯಿತು.

ಈ 'ಬರೋಬರ್' ಎಂಬ ಮಾತಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಹೌದು, ಸರಿ, ಒಪ್ಪಿದೆ ಎಂಬುದು ಅದರ ಅರ್ಥ. ಮಾಮನ ಬಾಯಲ್ಲಿ ಮಾತ್ರ ಅದು ಚರ್ಚೆಗೆ ಹಾಕುವ ಚಿಲಕ. ನಾನು ಪೂರ್ವಪಕ್ಷ, ಉತ್ತರಪಕ್ಷ, ಉದಾಹರಣೆ, ಉಪಸಂಹಾರ ಎಲ್ಲ ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಅವರು "ಬರೋಬರ್ ಅದೆ ತಮಾ" ಎಂದು ತಲೆಯಾಡಿಸಿ, ಮೊದಲು ಮಾಡಬೇಕೆಂದಿದ್ದನ್ನೇ ಮಾಡುತ್ತಿದ್ದರು. ಪ್ರತಿವಾದ ಹೂಡುವವರನ್ನು ಸೋಲಿಸಲು ನನಗೆ ತರಬೇತಿ ಇತ್ತು. ಒಪ್ಪಿಕೊಂಡುಬಿಡುವವರ ಎದುರು ಏನು ಮಾಡಬೇಕೆಂದು ಯಾವ ಮಾಸ್ತರರೂ ಕಲಿಸಿರಲಿಲ್ಲ.

ಕಣ್ಣು ಕೂರಿಸುವ ಕೆಲಸದಲ್ಲಿ ಗೋಡೆಗೆ ಮೊಳೆ ಹೊಡೆಯುವುದು ಚಿಲ್ಲರೆ ಭಾಗ. ನಿಜವಾದ ಕೆಲಸ ಆಮೇಲಿನದು: ನಡೆದು ನೋಡುವುದು. ಒಬ್ಬ ಕೋಣೆಯಲ್ಲಿ ನಡೆಯಬೇಕು, ಇನ್ನೊಬ್ಬ ಕಣ್ಣಿನ ಕೆಂಪು ದೀಪ ಎಲ್ಲಿ ಹತ್ತುತ್ತದೆ ಎಂದು ನೋಡಬೇಕು. ಹತ್ತದ ಕಡೆ ಕಣ್ಣನ್ನು ತುಸು ತಿರುಗಿಸಬೇಕು, ಇಳಿಸಬೇಕು, ಒಳಗಿನ ಸಣ್ಣ ಪಿನ್ನು ಬದಲಿಸಿ ಚುರುಕು ಹೆಚ್ಚು ಕಮ್ಮಿ ಮಾಡಬೇಕು. ಚುರುಕು ಹೆಚ್ಚಾದರೆ ಬಿಸಿಲಿಗೆ ಕಾದ ಪರದೆ ಅಲ್ಲಾಡಿದರೂ ಕೂಗುತ್ತದೆ. ಕಮ್ಮಿಯಾದರೆ ಕಳ್ಳ ಬಂದು ಚಹಾ ಕುಡಿದು ಹೋದರೂ ಕೂಗುವುದಿಲ್ಲ.

ಮಾಮ ಈ ನಡಿಗೆಯನ್ನು ನಾಟಕ ಮಾಡಿಬಿಟ್ಟಿದ್ದರು. ಚಪ್ಪಲಿ ಬಿಚ್ಚಿ, ತಲೆಗೆ ಟವೆಲ್ ಮುಸುಕು ಹಾಕಿ, ಹಿಂಬಾಗಿಲಿಂದ ಕಳ್ಳನಾಗಿ ಬರುತ್ತಿದ್ದರು. ಒಂದೇ ಕಳ್ಳನಲ್ಲ. ಅವಸರದ ಕಳ್ಳ, ಕುಡಿದ ಕಳ್ಳ, ಮನೆಯವರ ದೂರದ ನೆಂಟನಾದ ಕಳ್ಳ. ನೆಂಟ ಕಳ್ಳ ಬಂದವನೇ ಗೋಡೆಯ ಮೇಲಿನ ಫೋಟೋಗಳನ್ನು ನೋಡಿ, "ಇದು ನಮ್ಮ ಶಾರದತ್ತೆ ಅಲ್ದಾ?" ಎಂದು ಆಮೇಲೆ ಕಪಾಟಿಗೆ ಕೈ ಹಾಕುತ್ತಿದ್ದ. ಮನೆಯ ಹೆಂಗಸರು ನಕ್ಕು ಸುಸ್ತಾಗುತ್ತಿದ್ದರು. ಕಣ್ಣಿಗೆ ಬೇಕಾದ್ದು ಬಿಸಿ ಇರುವ ಒಂದು ಮೈ ಅಡ್ಡ ಹಾಯುವುದು ಮಾತ್ರ, ಮುಸುಕು ಹಾಕಿದ್ದೀರೋ ಚಪ್ಪಲಿ ಬಿಚ್ಚಿದ್ದೀರೋ ಅದಕ್ಕೆ ಸಂಬಂಧವೇ ಇಲ್ಲ ಎಂದು ನಾನು ವಾದಿಸಿದೆ.

"ಬರೋಬರ್" ಎಂದರು ಮಾಮ. "ಟವೆಲ್ ಕೊಡು."

ಮತ್ತೆ ಆ ನಿದ್ದೆ. ತಂತಿಯಿಲ್ಲದ ಕಣ್ಣು ಬ್ಯಾಟರಿ ಉಳಿಸಲು ಒಮ್ಮೆ ಯಾರನ್ನಾದರೂ ಕಂಡರೆ ಆಮೇಲೆ ಸ್ವಲ್ಪ ಹೊತ್ತು ಮಲಗಿಬಿಡುತ್ತದೆ. ಕೋಣೆಯಲ್ಲಿ ಜನ ಓಡಾಡುತ್ತಲೇ ಇದ್ದರೆ ಎದ್ದು ಹೊಸದಾಗಿ ಸುದ್ದಿ ಕೊಡುವುದೇ ಇಲ್ಲ. ಇದನ್ನು ತಿಳಿಯದವರು ಮತ್ತೆ ಮತ್ತೆ ನಡೆದು, ದೀಪ ಹತ್ತಲಿಲ್ಲ, ಯಂತ್ರ ಹಾಳು ಎನ್ನುತ್ತಾರೆ. ಪರೀಕ್ಷೆಗೆಂದು ಬೇರೆ ಗುಂಡಿ ಇತ್ತು, ಅದನ್ನು ಒತ್ತಿದರೆ ಕಣ್ಣು ಮಲಗುವುದಿಲ್ಲ. ಮಾಮನಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. "ಪರೀಕ್ಷೆ ಅಂತ ಗೊತ್ತಿದ್ರೆ ಎಲ್ಲರೂ ಓದ್ತ್ರು" ಎನ್ನುತ್ತಿದ್ದರು. ಆದ್ದರಿಂದ ಮನೆಯವರನ್ನೆಲ್ಲ ಜಗಲಿಗೆ ಕರೆತಂದು ಕೂರಿಸಿ ಕಾಯಿಸುತ್ತಿದ್ದರು. ಆ ಹೊತ್ತಿನಲ್ಲಿ ಅವಲಕ್ಕಿ, ಚಹಾ, ಊರ ಸುದ್ದಿ ಎಲ್ಲ ಆಗುತ್ತಿತ್ತು. ಸುಮ್ಮನೆ ಕೂರಲಾರದೆ ಚಡಪಡಿಸುತ್ತಿದ್ದವನು ನಾನೊಬ್ಬನೇ.

ಮಾಮನಿಗೆ ತಪ್ಪು ಆಗುತ್ತಲೇ ಇತ್ತು. ತಪ್ಪು ಅವರದು ಎಂದು ಮಾತ್ರ ಯಾವತ್ತೂ ಆಗಲಿಲ್ಲ. ಎಲ್ಲದಕ್ಕೂ ಕಾರಣ ಸಮುದ್ರ. ಬ್ಯಾಟರಿಯ ತಗಡು ಹಸಿರುಗಟ್ಟಿದರೆ ಉಪ್ಪುಗಾಳಿ, ಅದು ಸರಿ. ಮೊಳೆ ಸೊಟ್ಟ ಹೋದರೂ ಉಪ್ಪುಗಾಳಿ. ಗಿರಾಕಿಯ ಮನೆ ತಲುಪಲು ತಡವಾದರೂ ಉಪ್ಪುಗಾಳಿ, ಸ್ಕೂಟರಿನ ಪ್ಲಗ್ಗಿಗೆ. ರಾಮನಗುಳಿಯಲ್ಲಿ ಒಬ್ಬರು ಅಂಗಳದ ಅಟ್ಟದ ಮೇಲೆ ಒಣಗಿಸುವ ಹಲಸಿನ ಹಪ್ಪಳಕ್ಕೆ ಮಂಗಗಳ ಕಾಟ ಎಂದು ಅಲ್ಲೇ ಒಂದು ಕಣ್ಣು ಹಾಕಿಸಿಕೊಂಡರು. ಬಯಲಿಗೆ ಹಾಕುವ ಕಣ್ಣಲ್ಲ ಅದು. ಬಿಸಿಲು ಏರಿದಂತೆ ಮಂಗವಿಲ್ಲದೆಯೂ ಕೂಗಿತು, ಮಂಗ ಬಂದಾಗಲೂ ಕೂಗಿತು. ಮಂಗಗಳು ಮೊದಲ ದಿನ ಓಡಿದವು. ಮಾರನೆ ದಿನದಿಂದ ಸೈರನ್ ಕೇಳಿದರೆ ಹಪ್ಪಳ ತಯಾರಾಗಿದೆ ಎಂದು ತಿಳಿದು ಬರತೊಡಗಿದವು. ಮಾಮ ಇದಕ್ಕೂ ಉಪ್ಪುಗಾಳಿ ಎಂದರು. ರಾಮನಗುಳಿ ಇರುವುದು ಗಂಗಾವಳಿಯ ದಂಡೆಯ ಕಾಡಿನಲ್ಲಿ, ಸಮುದ್ರ ಎಲ್ಲಿ ಬಂತು ಎಂದೆ. "ಬರೋಬರ್. ಹೊಳೆ ಎಲ್ಲಿಗೆ ಹೋತದೆ?" ಎಂದು ಕೇಳಿದರು.

ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ಅಮದಳ್ಳಿಯ ಒಂದು ಮನೆಯಲ್ಲಿ ಹಗಲೆಲ್ಲ ಸುಮ್ಮಸುಮ್ಮನೆ ಸೈರನ್ ಹೊಡೆಯುತ್ತಿತ್ತು. ಆ ಮನೆಯ ಅಜ್ಜಿ "ಹಲ್ಲಿ ಮಾಡೂ ಕೆಲಸ" ಎಂದರು. ಎಲ್ಲರ ಮುಂದೆ ನಾನು ಅಜ್ಜಿಗೆ ತಿಳಿಹೇಳಿದೆ: ಈ ಯಂತ್ರ ನೋಡುವುದು ಮೈಯ ಬಿಸಿಯನ್ನು. ಹಲ್ಲಿ ತಣ್ಣನೆ ರಕ್ತದ ಪ್ರಾಣಿ. ಆದ್ದರಿಂದ ಹಲ್ಲಿಯಿಂದ ಯಂತ್ರ ಕೂಗುವುದು ಅಸಾಧ್ಯ. ಹಲ್ಲಿ ಶಕುನ ಎಂಬ ಮೂಢನಂಬಿಕೆಯೇ ಹೊಸ ವೇಷದಲ್ಲಿ ಬಂದಿದೆ. ವಾಕ್ಯ ಮುಗಿಯುವಷ್ಟರಲ್ಲಿ ಕಣ್ಣಿನ ಹಿಂದಿನ ಸಂದಿಯಿಂದ ಒಂದು ಹಲ್ಲಿ ಹೊರಬಂದು ಅದರ ಮುಖದ ಮೇಲೇ ಹಾದು ಹೋಯಿತು. ಸೈರನ್ ಕಿರುಚಿತು. ಅಷ್ಟು ಹತ್ತಿರದಲ್ಲಿ ತಣ್ಣಗಿದ್ದದ್ದೂ ಕಣ್ಣಿಗೆ ಕಾಣುತ್ತದೆ ಎಂಬುದು ನನ್ನ ಸಿದ್ಧಾಂತದಲ್ಲಿ ಇರಲಿಲ್ಲ. ಅಜ್ಜಿ ಕಿವಿ ಮುಚ್ಚಿಕೊಂಡು, "ಪಾಪ, ಅದಕ್ಕೆ ನಿನ್ನ ಮಾತು ತಿಳೀಲಿಲ್ಲ" ಎಂದರು.

ಇನ್ನು ಆಯುಧಪೂಜೆ. ಅವತ್ತು ಮಾಮ ಬಿಳಿ ಪಂಚೆ ಉಟ್ಟು, ಗಂಧದ ಬಟ್ಟಲು, ಕುಂಕುಮ, ಚೆಂಡುಹೂವಿನ ಮಾಲೆ ಹಿಡಿದು ಹಳೆಯ ಗಿರಾಕಿಗಳ ಮನೆಗಳಿಗೆ ಹೋಗುತ್ತಿದ್ದರು. ಮಂಡೆಗೆ, ಗಂಟಲಿಗೆ, ಪ್ರತಿಯೊಂದು ಕಣ್ಣಿಗೂ ತಮ್ಮ ಹೆಬ್ಬೆರಳಿನಿಂದಲೇ ಗಂಧ ಕುಂಕುಮ ಹಚ್ಚುತ್ತಿದ್ದರು. ಜನಕ್ಕೆ ಇದು ಬಹಳ ಇಷ್ಟ. ಬೇರೆ ಅಂಗಡಿಯವರು ಗ್ಯಾರಂಟಿ ಕಾಗದ ಕೊಡುತ್ತಾರೆ, ಮಾಮ ದೇವರ ಪ್ರಸಾದ ಕೊಡುತ್ತಾರೆ ಎನ್ನುತ್ತಿದ್ದರು.

ನನಗೆ ಇದು ಸಹಿಸಲಾಗದ ವಿಷಯ. ಚಾರ್ವಾಕರಿಂದ ಹಿಡಿದು ಪ್ಲಾಸ್ಟಿಕ್ಕಿನ ಅಣುರಚನೆಯ ತನಕ ಹೋಗಿ ಒಂದು ದೀರ್ಘ ವಾದ ಮಂಡಿಸಿದೆ. ಜಡವಸ್ತುವಿಗೆ ಪೂಜೆ ಮಾಡುವುದು ತರ್ಕಹೀನ; ಮಾಡುವುದಾದರೆ ಬ್ಯಾಟರಿಗೆ ಮಾಡಬೇಕು, ಶಕ್ತಿ ಇರುವುದು ಅಲ್ಲಿ. ಅಂಗಡಿಯಿಂದ ಬಿಣಗಾ ತನಕ ಸ್ಕೂಟರಿನ ಹಿಂದೆ ಕೂತು ಅವರ ಕಿವಿಗೆ ವಾದಿಸಿದೆ. ಅಷ್ಟೆಲ್ಲ ಹೇಳಿದವನಿಗೆ, ಯಾವ ಹಳ್ಳಿಯ ಸೈಕಲ್ ಸವಾರನಿಗಾದರೂ ಹೊಳೆಯಬಹುದಾದ ಒಂದು ಸರಳ ಮಾತು, ಹೆಡ್‌ಲೈಟಿಗೆ ಸಗಣಿ ಮೆತ್ತಿದರೆ ರಸ್ತೆ ಕಾಣುವುದಿಲ್ಲ ಎಂಬಂಥ ಮಾತು, ತೋಚಲಿಲ್ಲ.

"ಬರೋಬರ್" ಎಂದರು ಮಾಮ. "ಕುಂಕುಮದ ಪೊಟ್ಲೆ ಗಾಳಿಗೆ ಹಾರ್ಸ್ಬೇಡ, ಗಟ್ಟಿ ಹಿಡಿ."

ಆ ವರ್ಷ ದೀಪಾವಳಿ ಹತ್ತಿರ ಬಂದಾಗ ಅಂಕೋಲೆಯಿಂದ ಅಕ್ಕೋರ ಫೋನು ಬಂತು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಇವರ ಯಜಮಾನರಿಗೆ ಕೈಗಾದಲ್ಲಿ ನೌಕರಿ. ಬೆಳಕು ಹರಿಯುವ ಮೊದಲು ಕಂಪನಿ ಬಸ್ಸು ಹತ್ತಿದರೆ ಬರುವುದು ಸಂಜೆ. ಅಕ್ಕೋರು ಶಾಲೆಗೆ ಹೊರಡುವಾಗ ಅಲಾರ್ಮ್ ಹಾಕಿ ಹೋಗುತ್ತಿದ್ದರು. ಬೆಳಿಗ್ಗೆ ಪಾತ್ರೆ ತಿಕ್ಕಿ ನೆಲ ಒರೆಸಲು ಬರುವ ನಾಗಮ್ಮ ಅವರ ಜೊತೆಗೇ ಮನೆ ಬಿಡುತ್ತಿದ್ದಳು. ಹಬ್ಬಕ್ಕೆ ತೊಡಲೆಂದು ಅಕ್ಕೋರು ಕಪಾಟು ತೆಗೆದಾಗ ಬಂಗಾರದ ಪಾಟಲಿ ಜೋಡಿ ಇರಲಿಲ್ಲ. ಕೈಬಳೆಗೆ ನಾವು ಹೇಳುವುದು ಪಾಟಲಿ ಎಂದು. ಅವು ಅಕ್ಕೋರಿಗೆ ಅತ್ತೆಯಿಂದ ಬಂದವು. ಬಾಗಿಲು ಒಡೆದಿರಲಿಲ್ಲ. ಹಿಂಬಾಗಿಲ ಅಗಳಿಯನ್ನು ಹೊರಗಿನಿಂದ ತಗಡಿನ ಚೂರು ತೂರಿಸಿ ಎತ್ತಬಹುದಿತ್ತು, ಕೇರಿಗೆಲ್ಲ ಗೊತ್ತಿದ್ದದ್ದೇ. ಆದರೆ ಹಿಂಬಾಗಿಲನ್ನು ನೋಡಿಕೊಳ್ಳಲು ನಡುಮನೆಯ ಮೂಲೆಯಲ್ಲಿ ನಮ್ಮ ಕಣ್ಣಿತ್ತು. ಮತ್ತು ಸೈರನ್ ಒಂದು ದಿನವೂ ಕೂಗಿರಲಿಲ್ಲ.

ನಾವು ಹೋದದ್ದು ಭಾನುವಾರ. ಯಜಮಾನರು ಮನೆಯಲ್ಲಿದ್ದರು. ಅಕ್ಕಪಕ್ಕದವರು ಜಗಲಿ ತುಂಬ ಇದ್ದರು. ಹಿತ್ತಿಲಲ್ಲಿ ನಾಗಮ್ಮ ಪಾತ್ರೆ ತಿಕ್ಕುತ್ತಿದ್ದಳು.

"ನಿಮ್ಮ ಯಂತ್ರ ಕೂಗ್ಲಿಲ್ಲ" ಎಂದರು ಯಜಮಾನರು. "ಒಂದೋ ಅದು ಕೆಟ್ಟದೆ, ಇಲ್ದಿದ್ರೆ..."

ಅವರು ನಿಲ್ಲಿಸಿದ ವಾಕ್ಯ ನನ್ನ ಕೈಗೆ ಸಿಕ್ಕಿತು. ಕಣ್ಣಿನ ಪರೀಕ್ಷೆಯ ಗುಂಡಿ ಒತ್ತಿ ಸೋಫಾದ ಎದುರು ಅತ್ತಿಂದಿತ್ತ ನಡೆದೆ. ಹೆಜ್ಜೆಹೆಜ್ಜೆಗೂ ಕೆಂಪು ದೀಪ ಹತ್ತಿತು. ಎಲ್ಲರಿಗೂ ತೋರಿಸಿದೆ. ಆಮೇಲೆ, ಸಭೆ ಸಿಕ್ಕಿತ್ತಲ್ಲ, ಮಾತಾಡಿದೆ. ಯಂತ್ರ ಸರಿ ಇದೆ, ಇದು ಒಂದನೆಯ ಮಾತು. ಅಲಾರ್ಮ್ ಹಾಕಿದ್ದಾಗ ಯಾರೇ ಒಳಗೆ ಬಂದರೂ ಅದು ಕೂಗಲೇಬೇಕು, ಕೂಗಿಲ್ಲ. ಆದ್ದರಿಂದ ಅಲಾರ್ಮ್ ಹಾಕಿದ್ದಾಗ ಯಾರೂ ಬಂದಿಲ್ಲ. ಹಾಗಾದರೆ ಪಾಟಲಿ ಹೋದದ್ದು ಅಲಾರ್ಮ್ ಹಾಕದೆ ಇದ್ದಾಗ, ಎಂದರೆ ಮನೆಯವರು ಮನೆಯಲ್ಲೇ ಇದ್ದಾಗ, ಒಳಗೆ ಓಡಾಡಲು ಸಲಿಗೆ ಇದ್ದವರಿಂದ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ, ಎಂದೆ. ಒಳ್ಳೆಯ ಚರ್ಚಾಪಟು ಹೆಸರು ಹೇಳುವುದಿಲ್ಲ. ಸಭಿಕರೇ ಹೇಳಿಕೊಳ್ಳುವಂತೆ ಮಾಡುತ್ತಾನೆ.

"ಲಾಯರ್ ಆಗು ನೀನು" ಎಂದು ಯಜಮಾನರು ನನ್ನ ಬೆನ್ನು ತಟ್ಟಿದರು.

ಹಿತ್ತಿಲಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಬೂದಿ ಮೆತ್ತಿದ ಕೈಯಲ್ಲೇ ನಾಗಮ್ಮ ಹಿಂಬಾಗಿಲಿಗೆ ಬಂದು ನಿಂತಳು.

"ಎಂತ ಹೇಳ್ದ ಆ ತಮಾ? ನಂಗೆ ಹೇಳ್ದದ್ದಾ?"

ಅಕ್ಕೋರು ನೆಲ ನೋಡಿದರು. ಆ ಕೇರಿಯ ಎಲ್ಲ ಮನೆಗಳ ಕೆಲಸ ನಾಗಮ್ಮನದೇ. ಎಲ್ಲ ಹಿಂಬಾಗಿಲುಗಳೂ ಅವಳು ಕೈ ಹಾಕಿದರೆ ತೆರೆಯುವಂಥವು. ಈ ಮನೆಯಿಂದ ಇವತ್ತು ತಲೆ ತಗ್ಗಿಸಿ ಹೋದರೆ ನಾಳೆ ಉಳಿದವರು ಮುಂಬಾಗಿಲಿಗೆ ಬಾ ಎನ್ನುತ್ತಿದ್ದರು, ನಾಡಿದ್ದು ಬರಲೇಬೇಡ ಎನ್ನುತ್ತಿದ್ದರು. ಇದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

"ಅಕ್ಕೋರೆ, ನೀವು ಹೇಳಿ" ಎಂದಳು. "ಆ ಡಬ್ಬಿ ಹೇಳೂದು ಬ್ಯಾಡ, ಈ ತಮಾ ಹೇಳೂದೂ ಬ್ಯಾಡ. ನೀವು ಬಾಯಿ ಬಿಟ್ಟು ಹೇಳಿ."

"ನಾ ಎಂತ ಹೇಳ್ಲಿ ನಾಗಮ್ಮಾ? ಯಂತ್ರವೇ ಹಂಗೆ..." ಎಂದು ಅಕ್ಕೋರು ನಿಲ್ಲಿಸಿದರು.

ಮಾಮ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದರು. ಅವರ ಯಂತ್ರ ಗೆದ್ದಿತ್ತು, ಬಂದ ಕೆಲಸ ಆಗಿತ್ತು, ಸ್ಕೂಟರ್ ಹತ್ತಬಹುದಿತ್ತು. ಅವರು ಚಪ್ಪಲಿ ಬಿಚ್ಚಿದರು.

"ಎಲ್ಲರೂ ಹೊರಗೆ ಬನ್ನಿ. ಟೆಸ್ಟು ಆಗ್ಬೇಕು."

"ಆಯ್ತಲ್ಲ ಮಾಮ" ಎಂದರು ಯಜಮಾನರು. "ನಿಮ್ಮ ಹುಡುಗ ಮಾಡ್ದ್ನಲ್ಲ?"

"ಅವ ಮಾಡ್ದದ್ದು ಭಾಷಣ."

ಮಾಮನಿಗೆ ಯಂತ್ರದ ಮೇಲೆ ಸಂಶಯ ಬಂದಿತ್ತೇ? ನಾನು ಬಹಳ ಸಲ ಯೋಚಿಸಿದ್ದೇನೆ. ಬಂದಿರಲಿಲ್ಲ ಎಂದೇ ನನ್ನ ಅಂದಾಜು. ಜಗಲಿ ತುಂಬ ಜನ ಸೇರಿದ್ದರು, ಕಳ್ಳನ ಪಾತ್ರ ಮಾಡದೆ ಹೋಗಲು ಅವರಿಂದ ಆಗಲಿಲ್ಲ, ಅಷ್ಟೆ. ಮಾಮನ ದೊಡ್ಡ ಗುಣಗಳೆಲ್ಲ ಹೀಗೆ ಸಣ್ಣ ಗುಣಗಳ ಬೆನ್ನು ಹತ್ತಿಯೇ ಬರುತ್ತಿದ್ದವು.

ಕಣ್ಣು ಮಲಗಿ ಏಳುವಷ್ಟು ಹೊತ್ತು ಹೊರಗೆ ಕಾದೆವು. ಆಮೇಲೆ ಮಾಮ ಮುಸುಕು ಹಾಕಿ ಹಿಂಬಾಗಿಲಿಂದ ಒಳಹೊಕ್ಕರು. ನಾವು ಕಿಟಕಿಯಿಂದ ಕೆಂಪು ದೀಪ ನೋಡುತ್ತಿದ್ದೆವು. ಹಿಂಬಾಗಿಲ ಪಕ್ಕದಲ್ಲೇ ಕಪಾಟಿನ ಕೋಣೆ. ಮಾಮ ಆ ಕೋಣೆಗೆ ಹೋದರು, ಹೊರಗೆ ಬಂದರು. ದೀಪ ಹತ್ತಲಿಲ್ಲ. ಮತ್ತೆ ಹೋದರು. ಅವಸರದ ಕಳ್ಳನಾಗಿ ಹೋದರು, ಕುಡಿದ ಕಳ್ಳನಾಗಿ ತೂರಾಡಿದರು, ಕಡೆಗೆ ಎರಡೂ ಕೈ ಎತ್ತಿ ಕುಣಿದರು. ಜಗಲಿಯಲ್ಲಿ ಹುಡುಗಿಯರು ನಗತೊಡಗಿದರು. ಮಾಮ ನಗಲಿಲ್ಲ. ಮುಸುಕು ತೆಗೆದು ನಿಧಾನವಾಗಿ ಸೋಫಾದ ಕಡೆ ನಡೆದು ಬಂದರು. ನಡುಮನೆಯ ಅರ್ಧಕ್ಕೆ ಬಂದಾಗ ದೀಪ ಹತ್ತಿತು.

"ಸ್ಟೂಲು ತಾ" ಎಂದರು ನನಗೆ.

ಹತ್ತಿ ನೋಡಿದರು. ನಾನೂ ಕೆಳಗಿನಿಂದ ಕತ್ತು ಚಾಚಿ ನೋಡಿದೆ. ಕಣ್ಣಿನ ಮುಖದ ಪ್ಲಾಸ್ಟಿಕ್ಕಿನಲ್ಲಿ ಸಾಲುಸಾಲು ಗೆರೆಗಳಿರುತ್ತವೆ. ಕೆಳಗಿನ ಸಾಲು ಹತ್ತಿರದ್ದನ್ನು ನೋಡುತ್ತದೆ, ಮೇಲಿನ ಸಾಲು ದೂರದ್ದನ್ನು. ಆ ಮೇಲಿನ ಸಾಲಿನ ಮೇಲೆ, ದೇವರ ಹಣೆಗೆ ಹಚ್ಚುವ ಜಾಗದಲ್ಲಿಯೇ, ದಪ್ಪ ಗಂಧ ಒಣಗಿ ಕೂತಿತ್ತು, ನಡುವೆ ಕುಂಕುಮ. ಗಂಧದಲ್ಲಿ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿತ್ತು. ಗೆರೆಗಳನ್ನು ಎಣಿಸಬಹುದಿತ್ತು.

ಟವೆಲ್ ಅವರ ಹೆಗಲ ಮೇಲೇ ಇತ್ತು. ಒಂದು ಸಲ ಒರೆಸಿದ್ದರೆ ಮುಗಿದಿತ್ತು. ಜನಕ್ಕೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಅಷ್ಟರಲ್ಲಿ ಹೊಸ ವಾದ ಕಟ್ಟತೊಡಗಿದ್ದೆ: ಗಂಧ ಹಚ್ಚಿದ ದಿನ ಹಸಿಯಿತ್ತು, ಎಷ್ಟು ದಪ್ಪಕ್ಕೆ ಎಷ್ಟು ತಡೆ ಎಂಬುದನ್ನು ತಾಂತ್ರಿಕವಾಗಿ...

"ಬಾಯಿ ಮುಚ್ಚು" ಎಂದರು ಮಾಮ. ನನ್ನ ವಾದಕ್ಕೆ 'ಬರೋಬರ್' ಎನ್ನದೆ ಉತ್ತರ ಕೊಟ್ಟದ್ದು ಅದೊಂದೇ ಸಲ.

ಸ್ಟೂಲಿನ ಮೇಲೇ ತಿರುಗಿ ನಿಂತು ಜಗಲಿಯವರನ್ನು ಒಳಗೆ ಕೂಗಿದರು. "ಬನ್ನಿ, ಒಬ್ಬೊಬ್ಬರೇ ಬಂದು ಕಾಣಿ. ಇದು ಗಂಧ. ಇದು ನನ್ನ ಹೆಬ್ಬೆಟ್ಟು. ಆಯುಧಪೂಜೆ ದಿನದಿಂದ ಈ ಕಣ್ಣು ಅರ್ಧ ಕುರುಡು. ಹಿಂಬಾಗಿಲಿಂದ ದಿಬ್ಬಣ ಬಂದ್ರೂ ಇದಕ್ಕೆ ಕಾಣೂದಿಲ್ಲ."

ಇಷ್ಟು ಹೇಳಿ ಕ್ಷಮೆ ಕೇಳಿದರು ಎಂದುಕೊಂಡರೆ ನೀವು ಮಾಮನನ್ನು ಅರಿತಿಲ್ಲ. ಅವರು ಜಗಳಕ್ಕೆ ನಿಂತರು.

"ಅಲ್ಲಾ ಅಕ್ಕೋರೆ, ಒಂದು ಬ್ಯಾಟರಿ ಡಬ್ಬಿ ಹೇಳ್ತು ಅಂತ ದಿನಾ ಕಂಡ ಮನಷಿನ್ನ ಅನುಮಾನ ಮಾಡ್ತ್ರಾ? ಡಬ್ಬಿ ಎಂತ ನಿಮ್ಮ ಅತ್ತೆಯಾ? ಉಪ್ಪುಗಾಳಿಗೆ ಗಂಧ ಕಲ್ಲಾಗಿ ಕೂತದೆ, ಅದಕ್ಕೆ ನಾ ಎಂತ ಮಾಡೂದು? ಮನೆ ಅಂದಮೇಲೆ ವಾರಕ್ಕೊಂದ್ಸಲ ಕಣ್ಣು ಒರ್ಸೂದು ಬ್ಯಾಡ್ವಾ?"

ಯಜಮಾನರಿಗೆ ಸಿಟ್ಟು ಬಂತು. "ಗಂಧ ಹಚ್ಚಿದವರು ನೀವು ಮಾಮ!"

"ನಾ ಹಚ್ದೆ. ಹೌದು. ಅದನ್ನೇ ಹೇಳ್ತಾ ಇದ್ದೆ ಅಲ್ಲೋ ಆಗ್ನಿಂದ!"

ಆಮೇಲೆ ನಾಗಮ್ಮನ ಕಡೆ ತಿರುಗಿದರು. ಗಂಧ ಹಾಗೇ ಇರಲಿ, ನಾನು ಅಲಾರ್ಮ್ ಹಾಕುತ್ತೇನೆ, ಹಿಂಬಾಗಿಲಿಂದ ನೀನು ಒಮ್ಮೆ ಬಾ, ಆಮೇಲೆ ಒರೆಸಿ ಮತ್ತೊಮ್ಮೆ ಬಾ, ಎಲ್ಲರೂ ನೋಡಲಿ ಎಂದರು.

"ನಾ ಎಂತಕ್ಕೆ ಬರ್ಬೇಕು?" ಎಂದಳು ನಾಗಮ್ಮ. "ನಾ ಕಳ್ಳಿಯಾ?"

"ಕಳ್ಳ ಆಗೂದು ನನ್ನ ಕೆಲಸ, ನಾ ಮಾಡಾಯ್ತು. ನೀ ದಿನಾ ಬರೂ ಹಂಗೆ ಬಾ ಮಾರಾಯ್ತಿ."

ಅವಳು ಕೈಯ ಬೂದಿ ತೊಳೆದು ಸೀರೆಗೆ ಒರೆಸಿಕೊಂಡು ಬಂದಳು. ಮಾಮ ಎಲ್ಲರನ್ನೂ ಹೊರಗೆ ಕೂರಿಸಿ, ಕಣ್ಣು ಮಲಗಿ ಏಳುವ ತನಕ ಕಾದು ಅಲಾರ್ಮ್ ಹಾಕಿದರು. ಮೊದಲ ಸಲ, ಗಂಧ ಇದ್ದಾಗ, ಅವಳು ಹಿಂಬಾಗಿಲಿಂದ ಕಪಾಟಿನ ಕೋಣೆಯ ತನಕ ನಡೆದಳು. ಸದ್ದಿಲ್ಲ. ಜಗಲಿಯಲ್ಲಿ ಯಾರೋ "ಹೌದೋ ಹೌದು" ಎಂದರು. ಮಾಮ ಅಲಾರ್ಮ್ ತೆಗೆದು, ಟವೆಲ್ ಒದ್ದೆ ಮಾಡಿ ಕಣ್ಣು ಒರೆಸಿದರು. ಕಣ್ಣು ಮಲಗಿ ಏಳಲೆಂದು ಎಲ್ಲರೂ ಮತ್ತೆ ಹೊರಗೆ ಬಂದು ಕೂತೆವು.

ಈ ಕಾಯುವ ಹೊತ್ತಿನಲ್ಲಿ ಮುಂದಿನದನ್ನು ಹೇಳಿಬಿಡುತ್ತೇನೆ, ನನಗೆ ಸುಮ್ಮನೆ ಕೂರಲು ಇನ್ನೂ ಬಂದಿಲ್ಲ. ಪಾಟಲಿ ಸಿಗಲಿಲ್ಲ, ಕಳ್ಳನೂ ಸಿಗಲಿಲ್ಲ. ನಾಗಮ್ಮ ಆ ಕೇರಿಯ ಕೆಲಸ ಬಿಡಲಿಲ್ಲ, ಬಿಡಿಸಿದವರೂ ಇಲ್ಲ. ಮಾಮ ಒಂದು ವಾರ ಒದ್ದೆ ಬಟ್ಟೆ ಹಿಡಿದು ಗಿರಾಕಿಗಳ ಮನೆಮನೆಗೆ ಹೋಗಿ ಗಂಧ ಒರೆಸಿದರು. ಯಾಕೆ ಒರೆಸುತ್ತಿದ್ದೇನೆ ಎಂಬುದನ್ನು ಪ್ರತಿ ಮನೆಯಲ್ಲೂ ದೊಡ್ಡಕ್ಕೆ ಹೇಳಿದ್ದರಿಂದ ಕೆಲವರು ಅಲಾರ್ಮನ್ನೇ ಕೀಳಿಸಿದರು. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ "ಮಾಮಾ, ನಮ್ಮ ಮನೆ ನಾಯಿಗೂ ಸ್ವಲ್ಪ ಗಂಧ ಹಚ್ಚಿ ಹೋಗಿ" ಎಂದು ಕೇಳುವವರು ಹುಟ್ಟಿಕೊಂಡರು. ಮುಂದಿನ ವರ್ಷ ಅವರು ಪೂಜೆ ಬಿಟ್ಟರೇ? ಇಲ್ಲ. ಕಣ್ಣಿನ ಪಕ್ಕದ ಗೋಡೆಗೆ ಹಚ್ಚಿದರು. ನಾನು ಆ ಗೋಡೆಯೂ ಜಡವೇ ಎಂದು ಶುರು ಮಾಡಿದೆ. ಬರೋಬರ್ ಎಂದರು.

ಕಾಯುವ ಹೊತ್ತು ಮುಗಿಯಿತು. ಮಾಮ ಅಲಾರ್ಮ್ ಹಾಕಿ, ರಿಮೋಟು ಮುಷ್ಟಿಯಲ್ಲಿ ಹಿಡಿದು ಜಗಲಿಯ ಮೆಟ್ಟಿಲ ಮೇಲೆ ನಿಂತರು. ನಾಗಮ್ಮ ಹಿತ್ತಿಲಿಗೆ ಸುತ್ತು ಹಾಕಿ ಹೋಗಿ ಹಿಂಬಾಗಿಲು ತಳ್ಳಿದಳು. ಒಳಗೆ ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಗಂಟಲು ಬಿಚ್ಚಿಕೊಂಡಿತು. ಮಾವಿನ ಮರದ ಕಾಗೆಗಳೆಲ್ಲ ಎದ್ದವು. ಎದುರು ಮನೆಯವರು ಕೈಯಲ್ಲಿ ಸೌಟು ಹಿಡಿದೇ ಓಡಿಬಂದರು. ನಾಗಮ್ಮ ನಡುಮನೆಯನ್ನು ದಾಟಿ, ಕಣ್ಣಿನ ಕೆಳಗೇ ಹಾದು, ಮುಂಬಾಗಿಲಿಗೆ ಬಂದು ಸೆರಗು ಸರಿಮಾಡಿಕೊಂಡು ನಿಂತಳು.

ತರ್ಕದ ದೃಷ್ಟಿಯಿಂದ ಇದರಲ್ಲಿ ಏನೂ ಸಿದ್ಧವಾಗಿರಲಿಲ್ಲ. ಹೊರಗಿನವರು ಬಂದಿರಬಹುದು ಎಂದಾಯಿತೇ ಹೊರತು ಬಂದಿದ್ದರು ಎಂದಾಗಲಿಲ್ಲ. ಈ ಸೂಕ್ಷ್ಮವನ್ನು ಯಜಮಾನರ ಕಿವಿಯ ಹತ್ತಿರ ಹೋಗಿ ನಾನು ಬಿಡಿಸಿ ಹೇಳುತ್ತಿದ್ದೆ. ಸೈರನ್ನಿನ ಅಬ್ಬರದಲ್ಲಿ ಅವರಿಗೆ ನನ್ನ ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ಅವರು ಎರಡೂ ಕಿವಿ ಮುಚ್ಚಿಕೊಂಡು ಮಾಮನಿಗೆ ನಿಲ್ಲಿಸಿ, ನಿಲ್ಲಿಸಿ ಎಂದು ತಲೆಯಲ್ಲೇ ಸನ್ನೆ ಮಾಡಿದರು. ಅಕ್ಕೋರೂ ಕೈ ಮುಗಿದರು.

ಮಾಮ ಅವರಿಬ್ಬರ ಕಡೆ ನೋಡಲಿಲ್ಲ. ರಿಮೋಟನ್ನು ಮೇಲೆತ್ತಿ ನಾಗಮ್ಮನಿಗೆ ತೋರಿಸಿ, ಗಂಟಲು ಹರಿಯುವಂತೆ ಕೂಗಿ ಕೇಳಿದರು.

"ನಿಲ್ಸ್ಲಾ?"

ನಾಗಮ್ಮ ಬೀದಿಯ ಎರಡೂ ತುದಿಗೆ ನೋಡಿದಳು. ಜನ ಬರುತ್ತಲೇ ಇದ್ದರು.

"ಇನ್ನೊಂಚೂರು ಕೂಗ್ಲಿ ಮಾಮಾ" ಎಂದಳು. "ಆಚೆ ಕೇರಿಯವ್ರು ಇನ್ನೂ ಬಂದಿಲ್ಲ."